ಸವಾರನ ನೀರು



ನಿಪ್ಪಾಣಿ ಬಳಿಯ ಸ್ತವನಿಧಿ ಗುಡ್ಡವನ್ನು ಸೈಕಲ್ಲಿನಲ್ಲಿ ಏರುವವನಿಗೆ ನೀರಿನ ಭಾರವೂ ಬೆಲೆಯೂ ಒಟ್ಟಿಗೇ ತಿಳಿಯುತ್ತವೆ. ಒಂದು ಲೀಟರ್ ನೀರೆಂದರೆ ಒಂದು ಕಿಲೋ ಭಾರ. ಕೊಳವೆಯುಳ್ಳ ಬೆನ್ನುಚೀಲವಿದ್ದರೆ ಕೈಬಿಡದೆ ಗುಟುಕರಿಸಬಹುದು. ಆದರೆ ಬೆನ್ನು ಬೆವರುತ್ತದೆ, ತೊಳೆದು ಒಣಗಿಸದ ಕೊಳವೆಗೆ ಬೂಸು ಹಿಡಿಯುತ್ತದೆ. ಚೌಕಟ್ಟಿಗೆ ಬಿಗಿದ ಉಕ್ಕಿನ ಬಾಟಲಿಯ ಭಾರವನ್ನು ಗಾಲಿಗಳೇ ಹೊರುತ್ತವೆ. ಅದನ್ನು ತೊಳೆಯುವುದೂ ಸುಲಭ.

ಆಯ್ಕೆ ಯಾವುದಾದರೂ ಆಗಲಿ, ನೀರು ಮನೆಯದಾಗಿರಲಿ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಕೃಷ್ಣಾ ತೀರದಲ್ಲಿ ಅತಿ ನೀರಾವರಿಯಿಂದ ಅನೇಕ ಕಬ್ಬಿನ ಹೊಲಗಳು ಸವಳು-ಜವಳಾಗಿವೆ. ಅಲ್ಲಿ ಕಂಡ ಬಾವಿಯ ನೀರೆಲ್ಲ ಕುಡಿಯಲು ತಕ್ಕುದಲ್ಲ. ಕುದಿಸಿದರೆ ರೋಗಾಣು ಸಾಯುತ್ತದೆ, ಉಪ್ಪು ಉಳಿಯುತ್ತದೆ.

ಹಿಂದೆ ಕುರಿಗಾಹಿಯು ಸೋರೆಬುರುಡೆಯಲ್ಲಿ ನೀರು ಒಯ್ಯುತ್ತಿದ್ದನು. ಸಂಜೆ ಬುರುಡೆಯೂ ಅವನೊಡನೆ ಮನೆಗೆ ಮರಳುತ್ತಿತ್ತು. ಇಂದಿನ ಸವಾರನ ಬಾಟಲಿಯೂ ಹಾಗೆಯೇ ಮರಳಲಿ.