ಸೀಸದ ದಾರಕ್ಕೆ ಎಷ್ಟುದ್ದದ ಕೋಲು?

ಮಕ್ಕಳೇ, ಇವತ್ತು ನಿಮಗೊಂದು ಲೆಕ್ಕ ಕೊಡುತ್ತೇನೆ. ಹೆದರಬೇಡಿ, ಮಗ್ಗಿ ಕೇಳುವುದಿಲ್ಲ. ಒಂದು ದೋಣಿ ಮೆಲ್ಲಗೆ ಮುಂದೆ ಸಾಗುತ್ತಿದೆ. ನೀವು ಅದರಲ್ಲಿ ಗಾಳ ಹಾಕಿಕೊಂಡು ಕೂತಿದ್ದೀರಿ. ನಿಮಗೆ ಬೇಕಾದ ಮೀನು ಇರುವುದು 15 ಮೀಟರ್ ಆಳದಲ್ಲಿ. ದೋಣಿ ನಿಲ್ಲಿಸುವಂತಿಲ್ಲ. ನಿಂತರೆ ದಾರದ ತುದಿಗೆ ಕಟ್ಟಿದ ತಗಡಿನ ಮೀನು ಕುಣಿಯುವುದಿಲ್ಲ, ಕುಣಿಯದ ತಗಡನ್ನು ಯಾವ ಮೀನೂ ತಿರುಗಿ ನೋಡುವುದಿಲ್ಲ. ಸಾಗುತ್ತಲೇ ಇದ್ದರೋ, ನೀರಿನ ಎಳೆತಕ್ಕೆ ದಾರ ಮೇಲೆದ್ದು ಬರುತ್ತದೆ. ಈಗೇನು ಮಾಡೋಣ?

ಈ ಲೆಕ್ಕವನ್ನು ಬೇಸಿಗೆಯುದ್ದಕ್ಕೂ ಬಿಡಿಸುವ ಜನ ಅಮೆರಿಕದ ಮಿಷಿಗನ್ ಸರೋವರದಲ್ಲಿದ್ದಾರೆ. ಸರೋವರ ಎಂದ ಕೂಡಲೇ ಊರ ಮುಂದಿನ ಕೆರೆಯನ್ನು ನೆನೆಯಬೇಡಿ. ಇದರ ವಿಸ್ತಾರ ಸುಮಾರು 58,000 ಚದರ ಕಿಲೋಮೀಟರ್. ಇಡೀ ಕರ್ನಾಟಕವನ್ನು ಮೂರು ಪಾಲು ಮಾಡಿದರೆ ಹೆಚ್ಚುಕಡಿಮೆ ಅದರಲ್ಲೊಂದು ಪಾಲು! ಅತಿ ಆಳದ ಜಾಗದಲ್ಲಿ 281 ಮೀಟರ್ ನೀರಿದೆ. ಅಷ್ಟೂ ಸಿಹಿನೀರು. ಶಿಕಾಗೊ ನಗರ ಇದರ ದಡದಲ್ಲೇ ಇದೆ. ನಿಮ್ಮ ಮಾವನೋ ಚಿಕ್ಕಮ್ಮನೋ ಅಲ್ಲಿದ್ದರೆ ಈ ಸರೋವರವನ್ನು ಖಂಡಿತ ನೋಡಿರುತ್ತಾರೆ, ಕೇಳಿ.

ಅಲ್ಲಿ ಎಲ್ಲರೂ ಹುಡುಕುವ ಮೀನು ಸಾಲ್ಮನ್. ತಮಾಷೆಯೆಂದರೆ ಅದು ಮೂಲತಃ ಅಲ್ಲಿಯದಲ್ಲ. ಏಲ್‌ವೈಫ್ ಎಂಬ ಸಣ್ಣ ಮೀನು ಅಟ್ಲಾಂಟಿಕ್ ಸಾಗರದ ಕಡೆಯಿಂದ ಕಾಲುವೆಗಳ ದಾರಿ ಹಿಡಿದು ಬಂದು, ಸರೋವರದಲ್ಲಿ ಮಿತಿಮೀರಿ ಬೆಳೆಯಿತು. ಅದನ್ನು ತಿಂದು ಹತೋಟಿಯಲ್ಲಿಡಲು ದೊಡ್ಡ ಮೀನೊಂದು ಬೇಕಿತ್ತು. ಮಿಷಿಗನ್ ರಾಜ್ಯದವರು ಪೆಸಿಫಿಕ್ ತೀರದ ಸಾಲ್ಮನ್ ಜಾತಿಗಳಲ್ಲಿ ಕೋಹೋ ಮರಿಗಳನ್ನು 1966ರಲ್ಲೂ ಷಿನೂಕ್ ಮರಿಗಳನ್ನು 1967ರಲ್ಲೂ ತಂದು ಬಿಟ್ಟರು. ಬಂದ ನೆಂಟರು ಚೆನ್ನಾಗಿಯೇ ಉಂಡರು. 2021ರಲ್ಲಿ ಲಡಿಂಗ್ಟನ್ ಊರಿನ ಬಳಿ ಗಾಳಕ್ಕೆ ಸಿಕ್ಕ ಒಂದು ಷಿನೂಕ್ 21 ಕಿಲೋಗೂ ಹೆಚ್ಚು ತೂಗಿತು.

ಮೀನು ಅಷ್ಟು ಕೆಳಗೆ ಯಾಕಿರುತ್ತದೆ? ಬೇಸಿಗೆಯ ಬಿಸಿಲು ಮೇಲಿನ ನೀರನ್ನು ಬೆಚ್ಚಗಾಗಿಸುತ್ತದೆ. ಬೆಚ್ಚಗಿನ ನೀರು ಹಗುರ, ಮೇಲೆಯೇ ನಿಲ್ಲುತ್ತದೆ. ತಣ್ಣನೆಯ ನೀರು ಭಾರ, ಕೆಳಗೆ ಉಳಿಯುತ್ತದೆ. ಎರಡರ ನಡುವೆ ಒಂದು ಗಡಿ ಏರ್ಪಡುತ್ತದೆ. ಅಲ್ಲಿ ಕೆಲವೇ ಮೀಟರ್ ಇಳಿಯುವಷ್ಟರಲ್ಲಿ ನೀರು ಥಟ್ಟನೆ ತಣ್ಣಗಾಗಿಬಿಡುತ್ತದೆ. ಷಿನೂಕ್‌ಗೆ ಹಿತವಾಗುವುದು 12 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರು. ಹಾಗಾಗಿ ಅದು ಈ ಗಡಿಯ ಆಸುಪಾಸಿನಲ್ಲೇ ಓಡಾಡುತ್ತದೆ. ಗಾಳಿ ಬೀಸಿದ ಹಾಗೆ ಗಡಿ ಮೇಲೆ ಕೆಳಗೆ ಸರಿಯುತ್ತದೆ, ಮೀನೂ ಅದರ ಜೊತೆ ಸರಿಯುತ್ತದೆ.

ಇನ್ನು ದಾರವನ್ನು ಅಲ್ಲಿಗೆ ಇಳಿಸುವ ಉಪಾಯ. ದಾರಕ್ಕೆ ಗುಂಡು ಕಟ್ಟಬಹುದಲ್ಲ ಎನ್ನುತ್ತೀರಿ. ಕಟ್ಟಬಹುದು. ಆದರೆ ದಾರವೇ ಭಾರವಾಗಿದ್ದರೆ ಗುಂಡೇ ಬೇಡ, ಅಲ್ಲವೇ? ಪೈಜಾಮದ ಸೊಂಟದ ಪಟ್ಟಿಯೊಳಗೆ ಲಾಡಿ ಹಾಯಿಸುವುದನ್ನು ನೀವು ನೋಡಿದ್ದೀರಿ. ಈ ದಾರವೂ ಹಾಗೆಯೇ. ಹೊರಗೆ ನೂಲಿನಿಂದ ಹೆಣೆದ ಸಪೂರ ಕೊಳವೆ, ಅದರೊಳಗೆ ಲಾಡಿಯ ಜಾಗದಲ್ಲಿ ಸೀಸದ ತಂತಿ. ಹೊರಗಿನ ಹೆಣಿಗೆ ಎಳೆತವನ್ನು ತಡೆಯುತ್ತದೆ, ಒಳಗಿನ ಸೀಸ ಮುಳುಗಿಸುತ್ತದೆ.

ಸೀಸವೇ ಯಾಕೆ? ಒಂದು ಲೀಟರ್ ಹಿಡಿಯುವ ಪಾತ್ರೆಯ ತುಂಬ ನೀರು ತುಂಬಿದರೆ ಅದರ ತೂಕ 1 ಕಿಲೋ. ಅದೇ ಪಾತ್ರೆಯ ತುಂಬ ಕಬ್ಬಿಣವಿದ್ದರೆ ಸುಮಾರು 8 ಕಿಲೋ. ಸೀಸವಿದ್ದರೆ 11 ಕಿಲೋಗೂ ಮಿಗಿಲು! ಜೊತೆಗೆ ಸೀಸ ಬಹಳ ಮೆದು. ರೀಲಿಗೆ ಸುತ್ತಿದರೆ ಸುತ್ತಿಕೊಳ್ಳುತ್ತದೆ, ಬಿಚ್ಚಿದರೆ ಬಿಚ್ಚಿಕೊಳ್ಳುತ್ತದೆ. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ: ಸೀಸ ಹೊಟ್ಟೆಗೆ ಹೋದರೆ ವಿಷ. ಮುಟ್ಟಿದವರು ಸೋಪು ಹಚ್ಚಿ ಕೈ ತೊಳೆದೇ ತಿಂಡಿಗೆ ಕೂರಬೇಕು.

ಈ ದಾರ ನೋಡಲೂ ಚೆಂದ. ಪ್ರತಿ 10 ಗಜಕ್ಕೆ, ಅಂದರೆ ಸುಮಾರು 9 ಮೀಟರಿಗೆ, ಬಣ್ಣ ಬದಲಾಗುತ್ತದೆ. ಆದ್ದರಿಂದ ಅಲ್ಲಿನವರು ಮೀಟರ್ ಲೆಕ್ಕ ಹೇಳುವುದೇ ಇಲ್ಲ, ‘ಐದು ಬಣ್ಣ ಬಿಡು’, ‘ಹತ್ತು ಬಣ್ಣ ಬಿಡು’ ಎನ್ನುತ್ತಾರೆ. ದೋಣಿ ಗಂಟೆಗೆ 3 ಕಿಲೋಮೀಟರ್ ವೇಗದಲ್ಲಿ, ಅಂದರೆ ನಾವು ಆರಾಮಾಗಿ ನಡೆಯುವುದಕ್ಕಿಂತಲೂ ಮೆಲ್ಲಗೆ ಹೋಗುತ್ತಿದ್ದರೆ, ಒಂದೊಂದು ಬಣ್ಣವೂ ಸುಮಾರು ಒಂದೂವರೆ ಮೀಟರ್ ಇಳಿಯುತ್ತದೆ. ನಮಗೆ ಬೇಕಾದದ್ದು 15 ಮೀಟರ್. ಎಷ್ಟು ಬಣ್ಣ ಬಿಡಬೇಕು? ಸರಿ, ಹತ್ತು. ಆಗ ತಗಡಿನ ಮೀನು ದೋಣಿಯಿಂದ ಸುಮಾರು 90 ಮೀಟರ್ ಹಿಂದೆ ಬರುತ್ತಿರುತ್ತದೆ.

ಇಲ್ಲೇ ಹೊಸ ತೊಂದರೆ ಶುರು. ಮಿಷಿಗನ್ ರಾಜ್ಯದಲ್ಲಿ ಒಬ್ಬರು ಏಕಕಾಲಕ್ಕೆ ಮೂರು ಗಾಳ ಹಾಕಬಹುದು. ದೋಣಿಯಲ್ಲಿ ನಾಲ್ವರಿದ್ದರೆ ಹನ್ನೆರಡು! ಅಷ್ಟೂ ದಾರಗಳು ಒಂದೇ ದೋಣಿಯ ಹಿಂದೆ ಬಾಲದ ಹಾಗೆ ಬರಬೇಕು, ಒಂದಕ್ಕೊಂದು ತಾಗಬಾರದು. ದೋಣಿ ಒಂದು ಸುತ್ತು ತಿರುಗಿದರೂ ಸಾಕು, ಹತ್ತಿರ ಹತ್ತಿರ ಇರುವ ದಾರಗಳು ಹೊಸೆದುಕೊಂಡುಬಿಡುತ್ತವೆ. ಸೀಸದ ದಾರದ ಸಿಕ್ಕು ಬಿಡಿಸುವುದೆಂದರೆ ಅರ್ಧ ದಿನದ ಕೆಲಸ, ಎಷ್ಟೋ ಸಲ ಕತ್ತರಿಸಿ ಎಸೆಯುವುದೇ ಗತಿ.

ಉದ್ದದ ಕೋಲು ಕೆಲಸಕ್ಕೆ ಬರುವುದು ಈಗ. ಹಾಳೆಯ ಮೇಲೆ ಒಂದು ದೋಣಿ ಬರೆಯಿರಿ, ಅಗಲ ಎರಡೂವರೆ ಮೀಟರ್ ಎಂದಿಟ್ಟುಕೊಳ್ಳಿ. ಎರಡೂ ಪಕ್ಕಕ್ಕೆ ಎರಡೆರಡು ಮೀಟರಿನ ಕೋಲುಗಳನ್ನು ಅಡ್ಡಡ್ಡ ಚಾಚಿ. ತುದಿಯಿಂದ ತುದಿಗೆ ಆರೂವರೆ ಮೀಟರ್. ಈಗ ಅವನ್ನು ತೆಗೆದು ಮೂರು ಮೂರು ಮೀಟರಿನ ಕೋಲು ಚಾಚಿ. ಎಂಟೂವರೆ ಮೀಟರ್ ಆಯಿತು. ಕೋಲಿನ ಹಿಡಿ ದೋಣಿಯೊಳಗೇ ಇರುವುದರಿಂದ ನಿಜವಾದ ಅಳತೆ ಸ್ವಲ್ಪ ಕಡಿಮೆ, ಆದರೂ ಎರಡು ಮೀಟರ್ ಜಾಗ ಸುಮ್ಮನೆ ಸಿಕ್ಕಿತಲ್ಲ! ಉದ್ದದ ಕೋಲುಗಳ ದಾರ ಹೊರಗೆ, ಗಿಡ್ಡ ಕೋಲುಗಳ ದಾರ ಒಳಗೆ. ಎಲ್ಲವೂ ತಮ್ಮ ತಮ್ಮ ಸಾಲಿನಲ್ಲಿ ಬರುತ್ತವೆ.

ಇನ್ನೂ ದೂರಕ್ಕೆ ಹರಡಬೇಕಾದರೆ ದಾರಕ್ಕೆ ಪ್ಲೇನರ್ ಬೋರ್ಡ್ ಎಂಬ ತೇಲುವ ಹಲಗೆಯನ್ನು ಕಚ್ಚಿಸುತ್ತಾರೆ. ಅದರ ಮುಂತುದಿಯನ್ನು ಓರೆಯಾಗಿ ಕತ್ತರಿಸಿರುತ್ತಾರೆ. ದೋಣಿ ಎಳೆದಾಗ ನೀರು ಆ ಓರೆಗೆ ಬಡಿದು ಹಲಗೆಯನ್ನು ಪಕ್ಕಕ್ಕೆ ದೂಡುತ್ತದೆ, ಹಲಗೆ ದಾರವನ್ನೂ ಕರೆದುಕೊಂಡು ಹೋಗುತ್ತದೆ. ಹಲಗೆಯೇ ದಾರಗಳನ್ನು ದೂರವಿಡುವಾಗ ಕೋಲು ತೀರಾ ಉದ್ದವಿರಬೇಕಿಲ್ಲ. ಎಂಟೂವರೆ ಅಡಿಯ ಕೋಲು ಅಲ್ಲಿ ಸಾಮಾನ್ಯ. ಹಲಗೆಯಿಲ್ಲದೆ ಕೋಲಿನಿಂದಲೇ ದಾರವನ್ನು ಹೊರಗೆ ಚಾಚುವವರು ಒಂಬತ್ತು, ಹತ್ತು ಅಡಿಯದನ್ನು ಹುಡುಕುತ್ತಾರೆ.

ಹಾಗಾದರೆ ಉದ್ದವಾದಷ್ಟೂ ಒಳ್ಳೆಯದೇ? ತಡೆಯಿರಿ, ಒಂದು ಪ್ರಯೋಗ ಮಾಡೋಣ. ಅರ್ಧ ಲೀಟರ್ ನೀರಿನ ಬಾಟಲಿಗೆ ದಾರ ಕಟ್ಟಿ, ಪೊರಕೆ ಕೋಲಿನ ನಡುವಿಗೆ ನೇತುಹಾಕಿ. ಕೋಲಿನ ಒಂದು ತುದಿಯನ್ನು ಒಂದೇ ಕೈಯಲ್ಲಿ ಹಿಡಿದು ಅಡ್ಡಕ್ಕೆ ಎತ್ತಿ. ಕಷ್ಟವಿಲ್ಲ. ಈಗ ಬಾಟಲಿಯನ್ನು ಇನ್ನೊಂದು ತುದಿಗೆ ಸರಿಸಿ ಎತ್ತಿ. ಮಣಿಕಟ್ಟು ‘ಅಯ್ಯೋ’ ಎನ್ನುತ್ತದೆ! ಬಾಟಲಿಯ ತೂಕ ಒಂದು ಗ್ರಾಮೂ ಹೆಚ್ಚಾಗಿಲ್ಲ. ಭಾರ ಕೈಯಿಂದ ದೂರ ಹೋದಷ್ಟೂ ಅದು ಕೈಯನ್ನು ತಿರುಚುವ ಬಲ ಹೆಚ್ಚುತ್ತದೆ, ಅಷ್ಟೇ.

ಗಾಳದ ಕೋಲಿನಲ್ಲಿ ಆ ದೂರದ ತುದಿ ಇರುವುದು ಮೀನಿನ ಕಡೆ. ಅಂದರೆ ಕೋಲು ಉದ್ದವಾದಷ್ಟೂ ಅನುಕೂಲ ಮೀನಿಗೇ ಹೊರತು ನಮಗಲ್ಲ. ಉದ್ದದ ಕೋಲು ನಮಗೆ ಶಕ್ತಿ ಕೊಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಕೊಡುವುದು ಜಾಗ. ಅದರ ಜೊತೆಗೆ ಇನ್ನೂ ಒಂದನ್ನು ಕೊಡುತ್ತದೆ: ಬಾಗುವ ಗುಣ.

ಬಾಗುವುದರಿಂದ ಏನು ಲಾಭ? ಒಂದು, ಮೀನು ಎಳೆದಾಗ ಕೋಲು ಕಮಾನಾಗುತ್ತದೆ, ತುದಿ ನಮ್ಮ ಕಡೆಗೆ ಬರುತ್ತದೆ. ಕೈಯಿಂದ ಭಾರಕ್ಕಿರುವ ದೂರ ತಾನಾಗಿಯೇ ಕಡಿಮೆಯಾಗುತ್ತದೆ, ಮಣಿಕಟ್ಟು ಉಳಿಯುತ್ತದೆ. ಎರಡು, ಸೀಸದ ದಾರದ ಹೊರಹೆಣಿಗೆ ಅಷ್ಟಾಗಿ ಹಿಗ್ಗುವುದಿಲ್ಲ. ದೋಣಿ ಮುಂದೆ ಎಳೆಯುತ್ತಿದೆ, ಮೀನು ಹಿಂದೆ ಜಗ್ಗುತ್ತಿದೆ. ಎಲ್ಲಾದರೂ ಒಂದು ಕಡೆ ಸಡಿಲ ಸಿಗಲೇಬೇಕು. ಕೋಲು ಬಗ್ಗದಿದ್ದರೆ ಮೀನಿನ ಬಾಯಿ ಹರಿದು ಗಾಳ ಕಳಚಿಕೊಳ್ಳುತ್ತದೆ.

ಈಗ ಕೋಲಿನ ಆಯ್ಕೆಯ ಮುಖ್ಯ ಗುಟ್ಟಿಗೆ ಬಂದೆವು. ಹತ್ತು ಬಣ್ಣ ಬಿಟ್ಟಾಗ ನೀರಿನಲ್ಲಿರುವುದು ಸುಮಾರು 90 ಮೀಟರ್ ಸೀಸ. ಅದನ್ನು ಎಳೆಯುತ್ತಿರುವಾಗ ಮೀನೇ ಇಲ್ಲದಿದ್ದರೂ ಕೋಲು ಆಗಲೇ ಬಾಗಿರುತ್ತದೆ! ಕೋಲು ತೀರಾ ಮೆದುವಾದರೆ ಅದರ ಬಾಗುವಿಕೆಯೆಲ್ಲ ಸೀಸಕ್ಕೇ ಖರ್ಚಾಗಿ, ಮೀನು ಬಂದಾಗ ಬಗ್ಗಲು ಏನೂ ಉಳಿದಿರುವುದಿಲ್ಲ. ತೀರಾ ಗಡುಸಾದರೆ ಸಣ್ಣ ಮೀನು ಕಚ್ಚಿದ್ದಾಗಲಿ, ಗಾಳಕ್ಕೆ ಪಾಚಿ ಸಿಕ್ಕಿದ್ದಾಗಲಿ ತುದಿಯಲ್ಲಿ ಕಾಣುವುದೇ ಇಲ್ಲ, ಗಂಟೆಗಟ್ಟಲೆ ಪಾಚಿಯನ್ನೇ ಎಳೆದುಕೊಂಡು ತಿರುಗಬೇಕಾಗುತ್ತದೆ. ತುದಿ ಮೆದು, ನಡು ಹದ, ಬುಡ ಗಟ್ಟಿ ಇರುವ ಕೋಲು ಬೇಕು.

ಅಂಗಡಿಯಲ್ಲಿ ಇದನ್ನು ನೋಡುವುದು ಸುಲಭ. ಕೋಲಿನ ಉಂಗುರಗಳಲ್ಲಿ ದಾರ ಹಾಯಿಸಿ, ದಾರದ ತುದಿಯನ್ನು ಒಬ್ಬರ ಕೈಗೆ ಕೊಟ್ಟು ಮೆಲ್ಲಗೆ ಎಳೆಯಲು ಹೇಳಬೇಕು. ಮೊದಲು ತುದಿ ಮಾತ್ರ ಬಾಗುತ್ತದೆ. ಇನ್ನಷ್ಟು ಎಳೆದರೆ ಬಾಗು ನಡುವಿನವರೆಗೆ ಇಳಿಯುತ್ತದೆ. ಬುಡದ ಭಾಗ ಕೊನೆಗೆ ಉಳಿಯುತ್ತದೆ. ಹೀಗೆ ಹಂತ ಹಂತವಾಗಿ ಬಾಗಿದರೆ ಒಳ್ಳೆಯ ಕೋಲು. ತುದಿಯ ಒಂದು ಗೇಣು ಮಾತ್ರ ಬಾಗಿ ಉಳಿದದ್ದು ಸೆಟೆದು ನಿಂತರೆ ಅದನ್ನು ಬೇರೆ ಕೆಲಸಕ್ಕೆ ಬಿಡಿ.

ಕೋಲನ್ನು ಏನಿಂದ ಮಾಡಿದ್ದಾರೆ ಎಂದೂ ಕೇಳಬೇಕು. ಗಾಜಿನ ನಾರಿನಿಂದ ಮಾಡಿದ್ದು ಚೆನ್ನಾಗಿ ಬಾಗುತ್ತದೆ, ಪೆಟ್ಟು ತಿಂದರೂ ಬಾಳುತ್ತದೆ, ಆದರೆ ಹತ್ತು ಅಡಿ ಉದ್ದವಾದಾಗ ಕೈಗೆ ಭಾರ. ಇಂಗಾಲದ ನಾರಿನದು ಹಗುರ, ಆದರೆ ಗಡುಸು. ಎರಡನ್ನೂ ಬೆರೆಸಿ ಮಾಡಿದ ಕೋಲು ಈ ಕೆಲಸಕ್ಕೆ ಹೇಳಿಮಾಡಿಸಿದ ಹಾಗಿರುತ್ತದೆ.

ಉಂಗುರಗಳನ್ನೂ ಹತ್ತಿರದಿಂದ ನೋಡಬೇಕು. ಸೀಸದ ದಾರ ದಪ್ಪ. ಅದರ ಹಿಂದೆ ರೀಲಿನ ಕಡೆ ಒಂದು ಸಾದಾ ದಾರ, ಮುಂದೆ ಗಾಳದ ಕಡೆ ಕಣ್ಣಿಗೆ ಕಾಣದಂಥ ಪಾರದರ್ಶಕ ದಾರ ಇರುತ್ತದೆ. ಅಂದರೆ ಎರಡು ಗಂಟುಗಳು ಉಂಗುರಗಳನ್ನು ದಾಟಬೇಕು. ಗಂಟು ಸಣ್ಣದಾಗಲು ಅಲ್ಲಿನವರು ಒಂದು ಜಾಣತನ ಮಾಡುತ್ತಾರೆ. ತುದಿಯ ಒಂದಿಷ್ಟು ಉದ್ದದ ಸೀಸವನ್ನು ಮುರಿದು, ಲಾಡಿ ಎಳೆದ ಹಾಗೆ ಹೊರಗೆಳೆದುಬಿಡುತ್ತಾರೆ. ಖಾಲಿಯಾದ ಕೊಳವೆಯೊಳಗೆ ಪಾರದರ್ಶಕ ದಾರವನ್ನು ತೂರಿಸಿ ಗಂಟು ಹಾಕುತ್ತಾರೆ. ಅಷ್ಟು ಮಾಡಿದರೂ ತುದಿಯ ಉಂಗುರ ಇಕ್ಕಟ್ಟಾಗಿದ್ದರೆ, ಮೀನು ದೋಣಿಯ ಬಳಿ ಬಂದಾಗಲೇ ಗಂಟು ಅಲ್ಲಿ ಸಿಕ್ಕಿಕೊಳ್ಳುತ್ತದೆ! ಆದ್ದರಿಂದ ಉಂಗುರಗಳು ಅಗಲವಾಗಿ, ಒಳಗೆ ನುಣುಪಾಗಿ ಇರಬೇಕು.

ಕೊನೆಗೆ ಹಿಡಿ. ಕೋಲನ್ನು ಇಡೀ ಹೊತ್ತು ಯಾರೂ ಕೈಯಲ್ಲಿ ಹಿಡಿದಿರುವುದಿಲ್ಲ, ದೋಣಿಯ ಅಂಚಿನ ಕೊಳವೆಯಲ್ಲಿ ಸಿಕ್ಕಿಸಿರುತ್ತಾರೆ. ನೀವು ಪೊರಕೆ ಕೋಲಿನಲ್ಲಿ ಕಂಡ ತಿರುಚುವ ಬಲವನ್ನು ತಡೆಯುವುದು ಈಗ ಆ ಕೊಳವೆ. ಹಿಡಿ ಉದ್ದವಾಗಿದ್ದರೆ ಕೊಳವೆಯೊಳಗೆ ಆಳಕ್ಕೆ ಕೂರುತ್ತದೆ, ಅಲುಗಾಡುವುದಿಲ್ಲ.

ಇಷ್ಟು ತಿಳಿದ ಮೇಲೆ ನಿಮಗೊಂದು ಪ್ರಶ್ನೆ. ದೋಣಿ ಬಲಕ್ಕೆ ತಿರುಗುತ್ತಿದೆ. ಎರಡೂ ಪಕ್ಕದಲ್ಲಿ ಹತ್ತು ಹತ್ತು ಬಣ್ಣ ಬಿಟ್ಟಿದ್ದಾರೆ. ಯಾವ ಪಕ್ಕದ ದಾರ ಕೆಳಗಿಳಿಯುತ್ತದೆ? ತಿರುವಿನ ಒಳಬದಿಯ ದಾರಕ್ಕೆ ದಾರಿ ಹತ್ತಿರ, ಅದು ನಿಧಾನವಾಗಿ ಸಾಗಿ ಕೆಳಗಿಳಿಯುತ್ತದೆ. ಹೊರಬದಿಯದಕ್ಕೆ ದಾರಿ ದೂರ, ವೇಗವಾಗಿ ಓಡಿ ಮೇಲೇಳುತ್ತದೆ. ಆದ್ದರಿಂದ ಉತ್ತರ ಬಲಪಕ್ಕ. ಅಲ್ಲಿನ ಜಾಣರು ಬೇಕೆಂದೇ ದೋಣಿಯನ್ನು ಹಾವಿನ ನಡಿಗೆಯಲ್ಲಿ ಓಡಿಸಿ, ಮೀನು ಕಚ್ಚಿ ಯಾವ ಪಕ್ಕದ ಕೋಲು ಇನ್ನಷ್ಟು ಬಾಗುತ್ತದೆಂದು ಕಾಯುತ್ತಾರೆ. ಒಳಬದಿಯದು ಬಾಗಿದರೆ ಇನ್ನೊಂದು ಬಣ್ಣ ಬಿಡುತ್ತಾರೆ ಅಥವಾ ವೇಗ ತಗ್ಗಿಸುತ್ತಾರೆ. ಹೊರಬದಿಯದು ಬಾಗಿದರೆ ಏನು ಮಾಡಬೇಕೆಂದು ಇನ್ನು ನೀವೇ ಹೇಳಬಲ್ಲಿರಿ.