ಕಾನ್‌ಫ್ರಾಂಕ್: ಎರಡು ದೇಶಗಳ ಒಂದು ನಿಲ್ದಾಣ

ಪಿರೆನೀಸ್ ಪರ್ವತಗಳ ಕಣಿವೆಯೊಂದರಲ್ಲಿ, ಸ್ಪೇನಿನ ನೆಲದ ಮೇಲೆ, 241 ಮೀಟರ್ ಉದ್ದದ ಅರಮನೆಯಂಥ ಕಟ್ಟಡವಿದೆ. ಅದೇ ಕಾನ್‌ಫ್ರಾಂಕ್ ರೈಲು ನಿಲ್ದಾಣ. 1928ರಲ್ಲಿ ಸ್ಪೇನಿನ ದೊರೆ ಹದಿಮೂರನೆಯ ಆಲ್ಫಾನ್ಸೊ ಹಾಗೂ ಫ್ರಾನ್ಸಿನ ಅಧ್ಯಕ್ಷ ದೂಮೆರ್ಗ್ ಕೂಡಿ ಉದ್ಘಾಟಿಸಿದ್ದು. ಇಷ್ಟು ದೊಡ್ಡದೇಕೆ? ಸ್ಪೇನಿನ ಹಳಿ ಅಗಲ, ಫ್ರಾನ್ಸಿನದು ಕಿರಿದು. ಹಾಗಾಗಿ ಜನ, ಸರಕು ಎರಡೂ ಇಲ್ಲಿಳಿದು ಗಾಡಿ ಬದಲಿಸಬೇಕಿತ್ತು. ಎರಡೂ ದೇಶಗಳ ಸುಂಕದ ಕಚೇರಿಗಳು ಒಂದೇ ಸೂರಿನಡಿ. ದೊಡ್ಡಸ್ತಿಕೆ ತೋರಿಸುವ ಆಸೆಯೂ ಇತ್ತೆನ್ನಿ.

ಎರಡನೇ ಮಹಾಯುದ್ಧದಲ್ಲಿ ಇಲ್ಲಿ ಗಾಡಿ ಬದಲಿಸುವುದೇ ಹಲವರಿಗೆ ಜೀವನ್ಮರಣದ ಪ್ರಶ್ನೆಯಾಯಿತು. ನಾಜಿಗಳಿಂದ ತಪ್ಪಿಸಿಕೊಂಡ ಯಹೂದಿಗಳು ಸುರಂಗ ದಾಟಿ ಇಲ್ಲಿ ಇಳಿಯುತ್ತಿದ್ದರು. ಆಚೆಯ ಸ್ಪೇನಿನ ಗಾಡಿ ಸಿಕ್ಕರೆ ಲಿಸ್ಬನ್ನಿನ ದಾರಿ, ಸಿಗದಿದ್ದರೆ ಹಿಂದಕ್ಕೆ. 1942ರ ನವೆಂಬರಿನಲ್ಲಿ ಜರ್ಮನ್ನರು ನಿಲ್ದಾಣಕ್ಕೇ ಬಂದು ಕೂತರು. ಫ್ರೆಂಚ್ ಸುಂಕಾಧಿಕಾರಿ ಆಲ್ಬೆರ್ ಲ ಲೇ ಅವರ ಮೂಗಿನಡಿಯಲ್ಲೇ ಜನರನ್ನೂ ಗುಪ್ತ ಸಂದೇಶಗಳನ್ನೂ ದಾಟಿಸಿದರು. 1943ರಲ್ಲಿ ಜರ್ಮನ್ನರಿಗೆ ಸುಳಿವು ಹತ್ತಿದಾಗ ತಾವೂ ಪರಾರಿಯಾದರು. ಅದೇ ದಾರಿಯಲ್ಲಿ ನಾಜಿಗಳ ಚಿನ್ನ ಸ್ಪೇನಿಗೆ ಹೋಗುತ್ತಿತ್ತು, ಟಂಗ್‌ಸ್ಟನ್ ಅದಿರು ಜರ್ಮನಿಗೆ ಬರುತ್ತಿತ್ತು.

1970ರ ಮಾರ್ಚಿನಲ್ಲಿ ಹಿಡಿತ ತಪ್ಪಿದ ಗೂಡ್ಸ್ ಗಾಡಿಯೊಂದು ಫ್ರಾನ್ಸಿನ ಕಡೆಯ ಸೇತುವೆಯನ್ನು ಕೆಡವಿತು. ಅದನ್ನು ಮತ್ತೆ ಕಟ್ಟುವ ಗೋಜಿಗೆ ಫ್ರಾನ್ಸ್ ಹೋಗಲಿಲ್ಲ. 2021ರಲ್ಲಿ ಪಕ್ಕದಲ್ಲೇ ಚಿಕ್ಕ ಹೊಸ ನಿಲ್ದಾಣ ತೆರೆಯಿತು; 2023ರಲ್ಲಿ ಹಳೆಯ ಕಟ್ಟಡ ಹೋಟೆಲಾಯಿತು.