ಗಡಿನಾಡಿನ ಆರೋಗ್ಯ: ಊಟ ಮತ್ತು ಮಾತು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ಉತ್ಸವವೆಂದರೆ ಕವಿಕಾವ್ಯಗಳ ವಿಚಾರ ಬರುವದು ವಾಡಿಕೆ. ವ್ಯಾಕರಣ ಕಲಿಸುವ ನಾವು ವೈದ್ಯದ ಮಾತನ್ನೆತ್ತಿದರೆ ತಮಗೆ ಅಚ್ಚರಿಯಾದೀತು. ಆದರೆ ನುಡಿಯು ಬಾಳುವದು ಅದನ್ನಾಡುವ ಜನರು ಬಾಳಿದರೆ ಮಾತ್ರ. ನುಡಿಯ ಏಳಿಗೆಯನ್ನು ಬಯಸುವ ನಾವು ನುಡಿಯುವವರ ಮೈಯ ಸ್ಥಿತಿಯನ್ನು ವಿಚಾರಿಸದಿದ್ದರೆ ನಮ್ಮ ಅಭಿಮಾನವು ಬೇರಿಗೆ ನೀರೆರೆಯದೆ ಎಲೆಯ ಧೂಳನ್ನು ಒರಸಿದಂತಾದೀತು.

ಮಿರಜೆಯೆಂದೊಡನೆ ಸಂಗೀತ ಬಲ್ಲವರಿಗೆ ತಂಬೂರಿ ನೆನಪಾಗುವದು. ಉಸ್ತಾದ ಅಬ್ದುಲ್ ಕರೀಮಖಾನರು ನೆನಪಾಗುವರು. ಅಥಣಿ, ರಾಯಬಾಗ, ಚಿಕ್ಕೋಡಿ, ಜಮಖಂಡಿಗಳ ಹಳ್ಳಿಗರಿಗಾದರೋ ಮಿರಜೆಯೆಂದರೆ ದವಾಖಾನೆ. "ಮಿರಜಿಗೆ ಒಯ್ದಾರ" ಎಂದರೆ ಸಾಕು, ಬೇನೆಯು ಕಠಿಣವೆಂದು ಕೇಳಿದವರಿಗೆ ತಿಳಿಯುವದು. ಈ ಕೀರ್ತಿಯು ಒಂದು ದಿನದಲ್ಲಿ ಬಂದುದಲ್ಲ. 1889ರಲ್ಲಿ ಈ ಸೀಮೆಗೆ ಬಂದ ಡಾಕ್ಟರ್ ವಿಲಿಯಂ ವಾನ್‌ಲೆಸ್ ಎಂಬ ಮಿಶನರಿ ವೈದ್ಯರು 1894ರಲ್ಲಿ ಮಿರಜೆಯಲ್ಲಿ ಆಸ್ಪತ್ರೆಯನ್ನು ತೆರೆದರು. ಸಾಂಗಲಿ ಮಿರಜೆಗಳ ನಡುವಣ ವಾನ್‌ಲೆಸವಾಡಿಯು ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ. 1962ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂದಿತು. ಆಮೇಲೆ ಖಾಸಗಿ ಆಸ್ಪತ್ರೆಗಳು ಬೀದಿಬೀದಿಗೂ ಎದ್ದವು.

ಇಷ್ಟೆಲ್ಲ ಇರುವ ಜಿಲ್ಲೆಯಲ್ಲಿಯೇ ಪೂರ್ವಕ್ಕೆ ಹೊರಡಿರಿ. ಜತ್ತ ತಾಲೂಕನ್ನು ಹೊಕ್ಕು ಸಂಖ, ಉಮದಿಗಳ ಕಡೆಗೆ ಹೋದರೆ ನೆಲ ಒಣಗುವದು, ನುಡಿ ಕನ್ನಡವಾಗುವದು, ವೈದ್ಯರು ವಿರಳವಾಗುವರು. ಉಮದಿಯಿಂದ ಮಿರಜೆಗೆ ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ವೇಲ್ಸ್ ನಾಡಿನ ಗಣಿಗಾರರ ಹಳ್ಳಿಯೊಂದರಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬವರು 1971ರಲ್ಲಿ ಒಂದು ನಿಯಮವನ್ನು ಹೇಳಿದರು. ಎಲ್ಲಿ ಚಿಕಿತ್ಸೆಯ ಅಗತ್ಯ ಹೆಚ್ಚೋ ಅಲ್ಲಿ ಒಳ್ಳೆಯ ಚಿಕಿತ್ಸೆ ಕಡಿಮೆ ಸಿಗುವದು. ಅಗತ್ಯ ಕಡಿಮೆಯಿದ್ದಲ್ಲಿ ಅದು ಹೇರಳವಾಗಿ ಸಿಗುವದು. ಪೇಟೆಯ ಹಿಡಿತ ಹೆಚ್ಚಿದಷ್ಟೂ ಈ ಅಂತರ ಹೆಚ್ಚುವದು ಎಂಬದು ಅದರ ತಾತ್ಪರ್ಯ. ಹಾರ್ಟರು ನಮ್ಮ ಜಿಲ್ಲೆಯನ್ನು ಕಂಡವರಲ್ಲ. ಆದರೆ ಮಿರಜೆಯ ಬೀದಿಯನ್ನೂ ಉಮದಿಯ ಬೀದಿಯನ್ನೂ ನೋಡಿದವರಿಗೆ ಆ ಮಾತಿಗೆ ಬೇರೆ ಸಾಕ್ಷಿ ಬೇಡ.

ನಮ್ಮ ಹಿರಿಯರು "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂದರು. ಗಾದೆಯೇನೋ ನಿಜ. ಆದರೆ ಊಟ ಬಲ್ಲವನಾಗಿಯೂ ಊಟ ದೊರೆಯದವನ ಗತಿಯೇನು? ಮಾತು ಬಲ್ಲವನಾಗಿಯೂ ಅವನ ಮಾತು ಎದುರಿನವರಿಗೆ ತಿಳಿಯದಿದ್ದರೆ ಗತಿಯೇನು? ಗಡಿನಾಡಿನ ಬಡವನ ಆರೋಗ್ಯದ ಪ್ರಶ್ನೆ ಈ ಎರಡರಲ್ಲಿಯೇ ಅಡಗಿದೆಯೆಂದು ನಾವು ತಿಳಿಯುತ್ತೇವೆ.

ಮೊದಲು ಊಟದ ಮಾತು. ವಾನ್‌ಲೆಸವಾಡಿಯಲ್ಲಿ ಕ್ಷಯರೋಗಿಗಳ ಆರೋಗ್ಯಧಾಮವಿದ್ದುದನ್ನು ಹಿರಿಯರು ಬಲ್ಲರು. ಕ್ಷಯಕ್ಕೆ ಕಾರಣವಾದ ರೋಗಾಣುವನ್ನು 1882ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಕಂಡುಹಿಡಿದರು. ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ದೊರೆಯಿತು. ಆದರೆ ಆ ಮದ್ದು ಬರುವ ಎಷ್ಟೋ ದಶಕಗಳ ಮೊದಲೇ ಇಂಗ್ಲಂಡಿನಲ್ಲಿ ಕ್ಷಯದ ಸಾವುಗಳು ಬಹಳವಾಗಿ ಇಳಿದಿದ್ದವು. ಹೊಟ್ಟೆಗೆ ಅನ್ನ, ವಾಸಕ್ಕೆ ಗಾಳಿಬೆಳಕಿನ ಮನೆ ದೊರೆತುದು ಇದರ ದೊಡ್ಡ ಕಾರಣವೆಂದು ಥಾಮಸ್ ಮೆಕ್ಯೂನ್ ಎಂಬ ವಿದ್ವಾಂಸರು ವಾದಿಸಿದರು. ನಮ್ಮ ದೇಶದ ಝಾರಖಂಡದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗವೂ ಇದನ್ನೇ ನುಡಿಯುತ್ತದೆ. ಕ್ಷಯರೋಗಿಯ ಮನೆಮಂದಿಗೆ ಹೆಚ್ಚಿನ ಕಾಳುಕಡಿ ಕೊಟ್ಟಾಗ ಅವರಲ್ಲಿ ಹೊಸದಾಗಿ ರೋಗ ತಗಲುವದು ಸುಮಾರು ಐದರಲ್ಲಿ ಎರಡು ಪಾಲು ಕಡಿಮೆಯಾಯಿತು. ಸರಕಾರವು 2018ರಿಂದ ಕ್ಷಯರೋಗಿಗೆ ತಿಂಗಳಿಗೆ 500 ರೂಪಾಯಿ ಪೋಷಣೆಯ ಹಣ ಕೊಡತೊಡಗಿತು. 2024ರಲ್ಲಿ ಅದನ್ನು 1000ಕ್ಕೆ ಏರಿಸಿತು. ಅನ್ನವೂ ಔಷಧವೆಂಬ ತಿಳಿವು ತಡವಾಗಿಯಾದರೂ ಬಂದಿತಲ್ಲ ಎಂದು ಸಂತೋಷಪಡೋಣ.

ಅನ್ನದ ಹಿಂದೆ ನೀರು ನಿಂತಿದೆ. ಸಾಂಗಲಿಯ ಕಾಲನ್ನು ಕೃಷ್ಣೆ ತೊಳೆಯುತ್ತಾಳೆ. 2016ರ ಏಪ್ರಿಲದಲ್ಲಿ ಬಾಯಾರಿದ ಲಾತೂರಿಗೆ ರೈಲುಬಂಡಿಯಲ್ಲಿ ನೀರು ಹೋದುದು ಇದೇ ಮಿರಜೆಯಿಂದ. ಆದರೆ ಇದೇ ಜಿಲ್ಲೆಯ ಜತ್ತ ತಾಲೂಕು ಮ್ಹೈಸಾಳದ ಏತ ನೀರಾವರಿಯ ದಾರಿಯನ್ನು ಎಷ್ಟೋ ವರ್ಷ ಕಾಯಬೇಕಾಯಿತು. ಮಳೆ ತಪ್ಪಿದ ವರುಷ ಅಲ್ಲಿಯ ಒಕ್ಕಲುಗಳು ಕಬ್ಬು ಕಡಿಯಲು ಹೊರಡುವವು. ಅವರೊಡನೆ ಮಕ್ಕಳು ಹೊರಡುವರು. ನಮ್ಮಂಥವರ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳು ಸಾಲುಗಟ್ಟುವವು. ಬಸುರಿಯು ಕಬ್ಬಿನ ಗದ್ದೆಯಲ್ಲಿದ್ದರೆ ಅವಳ ಊರಿನ ದಾದಿಯು ಯಾರ ಕದವನ್ನು ತಟ್ಟಬೇಕು?

ಇನ್ನು ಮಾತಿನ ಮಾತು. ನಮ್ಮ ಹಳ್ಳಿಯ ಅವ್ವನೊಬ್ಬಳು ವೈದ್ಯರ ಮುಂದೆ ಕುಳಿತು "ಎದ್ಯಾಗ ಹಿಂಡಿದಾಂಗ ಆಗತೈತ್ರಿ, ಜೀವ ಹೊಯ್ದಾಡತೈತಿ" ಎನ್ನುವಳು. ಈ ಎರಡು ನುಡಿಗಟ್ಟುಗಳಲ್ಲಿ ರೋಗದ ಅರ್ಧ ನಿದಾನವಿದೆ. ಅದನ್ನು ಕೇಳುವ ತರುಣ ವೈದ್ಯರಿಗೆ ಮರಾಠಿ ಬರುವದು, ಇಂಗ್ಲಿಷು ಬರುವದು. ಕನ್ನಡ ಬರಲೇಬೇಕೆಂಬ ನಿಯಮವಿಲ್ಲ. ಜೊತೆಯಲ್ಲಿ ಬಂದ ಹುಡುಗನು "ಛಾತೀತ್ ದುಖ್ತಂಯ್" ಎಂದು ಎರಡು ಶಬ್ದಗಳಲ್ಲಿ ಮುಗಿಸುವನು. ಹಿಂಡಿದ್ದೂ ಹೊಯ್ದಾಡಿದ್ದೂ ದಾರಿಯಲ್ಲಿ ಉದುರಿಹೋಗುವವು. ವೈದ್ಯರಲ್ಲಿ ಕರುಣೆಯ ಕೊರತೆಯಿಲ್ಲ. ನಡುವಣ ಸೇತುವೆಯ ಕೊರತೆಯಿದೆ.

ಈ ಸೇತುವೆಯನ್ನು ಕಟ್ಟಿದವರ ಉದಾಹರಣೆ ಸಾಂಗಲಿಯಲ್ಲಿಯೇ ಉಂಟು. ಸಭೆಯಲ್ಲಿ ಆಡಲು ಸಂಕೋಚವೆಂದು ಅದನ್ನು ಬಿಡುವದು ಸಲ್ಲದು. ದೇವದಾಸಿ ಪದ್ಧತಿಗೂ ಬಡತನಕ್ಕೂ ಸಿಕ್ಕಿ ಉತ್ತರ ಕರ್ನಾಟಕದಿಂದ ಇಲ್ಲಿಗೆ ಬಂದ ಅನೇಕ ಹೆಣ್ಣುಮಕ್ಕಳ ತಾಯಿನುಡಿ ಕನ್ನಡ. ಕರ್ನಾಟಕವು 1982ರಲ್ಲಿಯೇ ಆ ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಿದ್ದರೂ ಹಸಿವು ಕಾನೂನನ್ನು ಓದುವದಿಲ್ಲ. ಏಡ್ಸ್ ಬೇನೆ ಹಬ್ಬಿದಾಗ ಮೊದಲು ತುತ್ತಾದವರು ಇವರು. ಆಸ್ಪತ್ರೆಯಲ್ಲಿ ತಿರಸ್ಕಾರಕ್ಕೆ ಗುರಿಯಾದವರೂ ಇವರು. 1992ರಿಂದ ಸಂಗ್ರಾಮ ಎಂಬ ಸಂಸ್ಥೆ ಅವರ ನಡುವೆ ಕೆಲಸ ಮಾಡಿತು. 1996ರಲ್ಲಿ ಆ ಹೆಣ್ಣುಮಕ್ಕಳೇ ವ್ಯಾಂಪ್ ಎಂಬ ತಮ್ಮ ಸಂಘಟನೆಯನ್ನು ಕಟ್ಟಿದರು. ತಮ್ಮವರಿಗೆ ತಾವೇ ತಿಳಿವು ಹೇಳಿದರು, ನಿರೋಧಗಳನ್ನು ಹಂಚಿದರು, ರೋಗಿಯ ಜೊತೆಗೆ ಆಸ್ಪತ್ರೆಗೆ ನಡೆದರು. 2004ರಿಂದ ಸರಕಾರವು ಉಚಿತ ಔಷಧಿಯನ್ನು ಕೊಡತೊಡಗಿದಾಗ ಅದನ್ನು ಮನೆಬಾಗಿಲಿಗೆ ಮುಟ್ಟಿಸಲು ಇಂಥ ಜೊತೆಗಾರ್ತಿಯರೇ ಬೇಕಾದರು. ಸಮಾಜವು ಮೂಲೆಗೊತ್ತಿದವರು ನಮಗೆ ಕಲಿಸಿದ ಪಾಠವಿದು.

ಸರಕಾರಗಳು ಏನೂ ಮಾಡಿಲ್ಲವೆನ್ನುವದು ಅನ್ಯಾಯವಾದೀತು. ಹಣವಿಲ್ಲದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು ಭೋರ್ ಸಮಿತಿಯು 1946ರಲ್ಲಿಯೇ ಹೇಳಿತು. ಜನರ ಪೋಷಣೆಯನ್ನೂ ಆರೋಗ್ಯವನ್ನೂ ಉತ್ತಮಪಡಿಸುವದು ರಾಜ್ಯದ ಕರ್ತವ್ಯವೆಂದು ಸಂವಿಧಾನದ 47ನೆಯ ಅನುಚ್ಛೇದ ಸಾರುತ್ತದೆ. 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಊರೂರಿಗೆ ಆಶಾ ಕಾರ್ಯಕರ್ತೆಯರು ಬಂದರು. ದೇಶದಲ್ಲಿ ಆಸ್ಪತ್ರೆಯ ಹೆರಿಗೆಗಳು 2005-06ರಲ್ಲಿ ನೂರಕ್ಕೆ 39ರಷ್ಟಿದ್ದವು, 2019-21ಕ್ಕೆ 89ರಷ್ಟಾದವು. ಆದರೂ 2020ರ ಲೆಕ್ಕದಂತೆ ಹುಟ್ಟಿದ ಸಾವಿರ ಕೂಸುಗಳಲ್ಲಿ ವರುಷ ತುಂಬುವದರೊಳಗೆ ಕೇರಳದಲ್ಲಿ 6 ತೀರಿಕೊಂಡರೆ ಮಧ್ಯಪ್ರದೇಶದಲ್ಲಿ 43 ತೀರಿಕೊಂಡವು. ಕೂಸು ಮಾಡಿದ ತಪ್ಪೇನು, ಹುಟ್ಟಿದ ಊರಿನ ಹೊರತು?

ಆಸ್ಪತ್ರೆಯ ಖರ್ಚಿಗೆ ಮಹಾರಾಷ್ಟ್ರವು 2012ರಲ್ಲಿ ತೊಡಗಿದ ವಿಮೆಯ ಯೋಜನೆಗೆ 2017ರಲ್ಲಿ ಮಹಾತ್ಮಾ ಜ್ಯೋತಿರಾವ ಫುಲೆಯವರ ಹೆಸರನ್ನಿಟ್ಟಿತು. ಅವರ ಪತ್ನಿ ಸಾವಿತ್ರಿಬಾಯಿಯವರು 1897ರಲ್ಲಿ ಪ್ಲೇಗಿನ ರೋಗಿಗಳ ಸೇವೆಮಾಡುತ್ತಲೇ ಪ್ರಾಣ ಬಿಟ್ಟವರು, ಹೆಸರು ಸಾರ್ಥಕವಾದುದು. 2023ರಲ್ಲಿ ಈ ಯೋಜನೆಯನ್ನು ರಾಜ್ಯದ ಎಲ್ಲ ಕುಟುಂಬಗಳಿಗೂ, ವರುಷಕ್ಕೆ 5 ಲಕ್ಷ ರೂಪಾಯಿಯವರೆಗೆ ವಿಸ್ತರಿಸಲು ನಿರ್ಧರಿಸಲಾಯಿತು. ಕರ್ನಾಟಕದಲ್ಲಿ 2003ರಲ್ಲಿ ಯಶಸ್ವಿನಿ, 2010ರಲ್ಲಿ ಆರೋಗ್ಯಶ್ರೀ, 2018ರಲ್ಲಿ ಆರೋಗ್ಯ ಕರ್ನಾಟಕ ಬಂದವು. ಎಲ್ಲವೂ ಒಳ್ಳೆಯವೇ. ಆದರೆ ಹಾಸಿಗೆ ಹಿಡಿದವನ ಶಸ್ತ್ರಕ್ರಿಯೆಗೆ ಸಿಗುವ ಹಣವು ಬಸ್ಸಿನ ಚಾರ್ಜಿಗೆ, ತಪ್ಪಿದ ಕೂಲಿಗೆ, ನಿತ್ಯದ ಗುಳಿಗೆಗೆ ಸಾಮಾನ್ಯವಾಗಿ ಸಿಗುವದಿಲ್ಲ.

ಅದಕ್ಕೂ ಮಿಗಿಲಾಗಿ, ರೋಗಕ್ಕೆ ಗಡಿಯಿಲ್ಲ. ರೇಶನ್ ಚೀಟಿಗೆ ಗಡಿಯುಂಟು. ಅಥಣಿಯವನಿಗೆ ಮಿರಜೆ ಹತ್ತಿರ, ಉಮದಿಯವನಿಗೆ ವಿಜಾಪುರ ಹತ್ತಿರ. ರಾಜ್ಯದ ಯೋಜನೆಗಳು ಮಾತ್ರ ಬಹುಮಟ್ಟಿಗೆ ಆಯಾ ರಾಜ್ಯದವರಿಗೆ. 2018ರ ಆಯುಷ್ಮಾನ ಭಾರತ ಯೋಜನೆಯ ಕಾರ್ಡು ಆ ಯೋಜನೆಯಲ್ಲಿ ಸೇರಿದ ರಾಜ್ಯಗಳಲ್ಲೆಲ್ಲ ನಡೆಯುವದೆಂಬದು ದೊಡ್ಡ ಸಮಾಧಾನ. 2023ರಲ್ಲಿ ಮಹಾರಾಷ್ಟ್ರವು ಗಡಿಯಾಚೆಯ 865 ಊರುಗಳಿಗೆ ತನ್ನ ವಿಮೆಯನ್ನು ಚಾಚಹೊರಟಾಗ ಕರ್ನಾಟಕವು ಅದನ್ನು ವಿರೋಧಿಸಿತು. ಎರಡೂ ಕಡೆಯಲ್ಲಿ ಗಡಿಯ ಮಾತೇ ಕೇಳಿಸಿತು. ನರಳುವವನ ದನಿ ಕ್ಷೀಣವಾಯಿತು. ಅಲ್ಲಿಯ ಮರಾಠಿ ರೋಗಿಯಾಗಲಿ, ಇಲ್ಲಿಯ ಕನ್ನಡ ರೋಗಿಯಾಗಲಿ, ರಾಜ್ಯಗಳ ವಾದ ಮುಗಿಯುವತನಕ ಜ್ವರವನ್ನು ತಡೆದಿಟ್ಟುಕೊಳ್ಳಬಲ್ಲನೇ? ಎರಡೂ ಸರಕಾರಗಳು ಕೂಡಿ ಕುಳಿತು, ಗಡಿಯ ತಾಲೂಕುಗಳ ಬಡವನಿಗೆ ಸಮೀಪದ ಆಸ್ಪತ್ರೆಯಲ್ಲಿ, ಅದು ಯಾವ ರಾಜ್ಯದ್ದೇ ಇರಲಿ, ಚಿಕಿತ್ಸೆ ಸಿಗುವಂತೆ ಒಪ್ಪಂದ ಮಾಡಿಕೊಳ್ಳಲೆಂದು ಈ ವೇದಿಕೆಯಿಂದ ಬಿನ್ನವಿಸುತ್ತೇವೆ.

ಸರಕಾರ ಮಾಡುವದನ್ನು ಸರಕಾರವೇ ಮಾಡಬೇಕು. ಆದರೆ ಸೇತುವೆಯ ಕೆಲಸದಲ್ಲಿ ನಮ್ಮ ಪಾಲುಂಟು. ನಮ್ಮ ಸಂಘದಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ಎರಡೂ ಭಾಷೆ ಬಲ್ಲ ತರುಣ ತರುಣಿಯರಿದ್ದಾರೆ. ವಾರದಲ್ಲಿ ಎರಡು ದಿನ ಇಬ್ಬರು ಮಿರಜೆಯ ಸರಕಾರಿ ಆಸ್ಪತ್ರೆಯಲ್ಲಿ, ಅಲ್ಲಿಯವರ ಅನುಮತಿ ಪಡೆದು, ಒಂದು ಬಾಕಿನ ಮೇಲೆ ಕುಳಿತರೆ ಸಾಕು. ಬಂದವರಿಗೆ ಅರ್ಜಿ ತುಂಬಿಕೊಡುವದು, ಯಾವ ಕಾಗದ ಬೇಕೆಂದು ಹೇಳುವದು, ರೋಗಿಯ ಮಾತನ್ನು ಒಂದಕ್ಷರವೂ ಉದುರದಂತೆ ವೈದ್ಯರಿಗೆ ಮುಟ್ಟಿಸುವದು, ವೈದ್ಯರ ಮಾತನ್ನು ರೋಗಿಗೆ ತಿಳಿಯುವಂತೆ ಬಿಡಿಸುವದು: ಇಷ್ಟೇ ಕೆಲಸ. ಗುಳಿಗೆ ನುಂಗುವ ಕ್ರಮವನ್ನು ಕನ್ನಡದಲ್ಲಿ ಬರೆದ ಒಂದು ಚೀಟಿಯು ಆ ಮನೆಗೆ ನಮ್ಮ ಯಾವ ಭಾಷಣಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬಂದೀತು.

ಬರುವ ವಾರ್ಷಿಕೋತ್ಸವದ ವರದಿಯಲ್ಲಿ ನಡೆದ ಗೋಷ್ಠಿಗಳ ಲೆಕ್ಕದೊಡನೆ ಆ ಬಾಕಿನ ಬಳಿಗೆ ಬಂದ ರೋಗಿಗಳ ಲೆಕ್ಕವೂ ಅಚ್ಚಾಗಲಿ ಎಂದು ಹಾರೈಸುತ್ತೇವೆ.